ಮಾತ್ರೆ ಡಬ್ಬಿಯ ಬೀಗ

ತಮ್ಮಾ,

ನಾನು ಡ್ಯೂಟಿಗೆ ಹೊರಟೆ. ಮೊದಲು ಇದನ್ನ ಓದು, ಆಮೇಲೆ ಮುಖ ತೊಳಿ.

ಒಗೆಯೋಕೆ ಹಾಕಿದ್ದ ನಿನ್ನ ಪ್ಯಾಂಟ್ ಜೇಬಲ್ಲಿ ಅಪ್ಪನ ಸ್ಟೀರಾಯ್ಡ್ ಮಾತ್ರೆಗಳು ಸಿಕ್ಕವು. ಡಬ್ಬಿಯಲ್ಲಿರೋದು ನಿನ್ನ ವಿಟಮಿನ್ ಮಾತ್ರೆ. ಅಪ್ಪ ಡಬ್ಬಿಗೆ ಬೀಗ ಹಾಕಿದ್ರು. ಕೀಲಿ ಇಲ್ಲದೆ ಬೀಗ ತೆಗೆಯೋ ವಿದ್ಯೆ ಅವರು ಕಲಿಸಿದ್ದು ನಿನಗೊಬ್ಬನಿಗೇ.

ನಿನ್ನ ಸಂಕಟ ಗೊತ್ತು ಕಣೋ. ಆ ಮಾತ್ರೆ ಶುರುವಾದಾಗಿಂದ ಅವರಿಗೆ ನಿದ್ದೆ ಇಲ್ಲ, ಬಾಯಿಗೆ ಬಿಡುವಿಲ್ಲ, ಎಲ್ಲರ ಮೇಲೂ ಅನುಮಾನ. ನನ್ನನ್ನಂತೂ ಕಳ್ಳಿ ಅಂದ್ರು. ಆದ್ರೆ ಒಮ್ಮೆಲೇ ನಿಲ್ಲಿಸಿದ್ರೆ ಜೀವಕ್ಕೇ ಕುತ್ತು ಅಂತ ಡಾಕ್ಟರು ಫೋನಲ್ಲಿ ಬೈದ್ರು. ಡೋಸನ್ನ ಅವರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕಂತೆ.

ತಿಂಡಿ ತಿನ್ನಿಸಿ ಸರಿಯಾದ ಮಾತ್ರೆ ಕೊಡು, ಲೋಟದ ಪಕ್ಕ ಇಟ್ಟಿದ್ದೀನಿ. ಆಮೇಲೆ ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗು. ನನ್ನ ಕಂಡ್ರೆ ಅವರು ಬಾಗಿಲು ಹಾಕ್ಕೋತಾರೆ, ನೀನೇ ಹೋಗಬೇಕು. ನಮ್ಮ ಬೀಗದ ಅಂಗಡಿ ಇವತ್ತು ತೆಗೀಬೇಡ. ಉಳಿ, ಸುತ್ತಿಗೆ ಎಲ್ಲ ಅಪ್ಪನ ಕೈಗೆ ಸಿಗದ ಹಾಗೆ ಎತ್ತಿಡು. ಏನಂದ್ರೂ ಎದುರು ಮಾತಾಡಬೇಡ.

ಇನ್ನೊಂದು. "ಯಾರೋ ನನ್ನ ಮಾತ್ರೆ ಬದಲಾಯಿಸಿದ್ದಾರೆ" ಅಂತ ಅಪ್ಪ ಮೊನ್ನೆಯಿಂದ ಬಡ್ಕೋತಿದ್ರು. ಅದೂ ಭ್ರಮೆ ಅಂತ ನಾನು ಗದರಿದೆ. ನೀನು ಪಕ್ಕದಲ್ಲೇ ಕೂತು ಹೂಂ ಅಂದೆ. ಆಗ ಅವರು ತಮ್ಮ ಕೈಗಳನ್ನೇ ನೋಡ್ತಾ, "ಹಾಗಾದ್ರೆ ನನಗೆ ಹುಚ್ಚೇ ಹಿಡೀತಾ?" ಅಂತ ಕೇಳಿದ್ರಲ್ಲ.

ಅದಕ್ಕೆ ಉತ್ತರ ನಿನ್ನ ಹತ್ರ ಇದೆ. ಆಸ್ಪತ್ರೆ ಮುಟ್ಟೋದರೊಳಗೆ ಅವರಿಗೆ ಹೇಳು.

ಅಕ್ಕ