ಕೆಲಗೇರಿ ಕೆರೆಯ ಕೈಕಟ್ಟಿಗ

ಧಾರವಾಡ
ಫೆಬ್ರುವರಿ ೩೦, ೨೧೯೪
(ಫೆಬ್ರುವರಿಗೆ ನೀವು ಮಾಡಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ.)

ಇಪ್ಪತ್ತೊಂದನೆಯ ಶತಮಾನದ ಹಿರಿಯರೇ,

ಮೊದಲು ತಪ್ಪೊಪ್ಪಿಗೆ. ಇಂದು ಮಧ್ಯಾಹ್ನ, ಐವತ್ತು ದಾಟಿದ ಮರ್ಯಾದಸ್ಥನಾದ ನಾನು, ತಂಗಿಯ ಮಗಳು ನಿಂಬವ್ವಳ ಬುತ್ತಿ ಡಬ್ಬಿಯ ಮುಚ್ಚಳವನ್ನು ಅವಳು ಕೇಳದೆಯೇ ತೆರೆದೆ. ನಗಬೇಡಿ. ಕೇಳದೆಯೇ ನೀಡುವ ಇಂಥ ನೆರವಿಗೆ ನಮ್ಮಲ್ಲಿ ‘ಕೇಳದ ಕೈ’ ಎನ್ನುತ್ತಾರೆ. ಗುಡಿಯ ಮುಂದೆ ಚಪ್ಪಲಿ ಕದ್ದವನಿಗೂ ಇಷ್ಟು ಬೈಗುಳವಿಲ್ಲ. ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ, ಬಿಡಿಸಿ ಹೇಳುತ್ತೇನೆ.

ನಿಂಬವ್ವಳಿಗೆ ಹತ್ತೊಂಬತ್ತು. ಹುಟ್ಟಿದಾಗಿನಿಂದ ಕೈ ನಡುಗುತ್ತದೆ, ಲೆಕ್ಕ ನಿಧಾನ, ನಾಲಿಗೆ ಮಾತ್ರ ಚುರುಕು. ನಿಮ್ಮ ಕಾಲದಲ್ಲಿ ಇಂಥ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ, ಬಸ್ಸಿನ ಚಿತ್ರ ತೋರಿಸಿ ಬಸ್ಸು ಹತ್ತುವುದನ್ನು ಕಲಿಸುತ್ತಿದ್ದರಂತೆ. ನಾವು ಆಟಕ್ಕೆ ಕಳಿಸುತ್ತೇವೆ. ಕೆರೆಗೆ ಹೋಗುವ ಆಸೆಯಿದ್ದವರಿಗೆ ಬಸ್ಸು ತಾನಾಗಿಯೇ ಸಿಗುತ್ತದೆ. ಹಸಿದವರಿಗೆ ಬುತ್ತಿ ಕಟ್ಟುವುದು ನೆನಪಾಗುತ್ತದೆ. ಕೊನೆಯ ಆಟ ‘ಬೀಗದಾಟ’: ಇಡೀ ದಿನದ ವಿಹಾರವನ್ನು ತಾವೇ ಹೂಡಿ, ತಾವೇ ಮುಗಿಸಿ ದಡ ಸೇರಿದರೆ ಸ್ವಂತ ಕೋಣೆಯ ಕೀಲಿ. ಸಪ್ತಾಪುರದಲ್ಲಿ ಇಬ್ಬರು ಗೆಳತಿಯರು ನಿಂಬವ್ವಳಿಗಾಗಿ ಕೋಣೆ ಹಿಡಿದು ಕಾದಿದ್ದರು. ಇಂದಿನ ಆಟ ತಪ್ಪಿದರೆ ಇನ್ನೊಂದು ವರ್ಷ ಅವ್ವನ ಕಣ್ಗಾವಲು.

ಜೊತೆಗೊಬ್ಬ ‘ಕೈಕಟ್ಟಿಗ’ ಇರಬೇಕು. ಪಕ್ಕದಲ್ಲಿದ್ದೂ ಏನೂ ಮಾಡದಿರುವುದೇ ಅವನ ಕೆಲಸ. ಹುಟ್ಟಾ ಸೋಮಾರಿಯಾದ ನನಗಿಂತ ತಕ್ಕವನು ಈ ಜಿಲ್ಲೆಯಲ್ಲಿಲ್ಲ ಎಂದು ನಾನೇ ಹೇಳಿಕೊಂಡರೆ ತಪ್ಪಿಲ್ಲ.

ನಿಂಬವ್ವ ದೋಣಿ ವಿಹಾರ ಆರಿಸಿದಳು. ಹುಟ್ಟು ಹಾಕಿದಂತೆಲ್ಲ ದೋಣಿ ಬುಗುರಿಯಾಯಿತು. ನಾನು ಅಲುಗಲಿಲ್ಲ. ಅವಳು ಬೈದಳು, ನಕ್ಕಳು, ಕೊನೆಗೆ ಎಡಗೈ ಹುಟ್ಟನ್ನು ಮೆಲ್ಲಗೆ ಎಳೆದರೆ ನೆಟ್ಟಗೆ ಹೋಗುತ್ತದೆಂದು ತಾನೇ ಕಂಡುಕೊಂಡಳು. ಕೆರೆಯ ನಡುವೆ ಊಟದ ಹೊತ್ತು. ಬಿಗಿಯಾದ ಮುಚ್ಚಳ, ಒಳಗೆ ರೊಟ್ಟಿ, ಎಣಗಾಯಿ ಪಲ್ಯ, ಹೊರಗೆ ನಾನು. ಅಪರಾಧ ನಡೆದೇಹೋಯಿತು.

“ಮಾಮಾ, ನಿಮಗ ಹೊಟ್ಟಿ ಹಸದಿತ್ತೋ, ನನ್ನ ಉದ್ಧಾರ ಮಾಡೋ ಹಸಿವೋ?”

ಡಬ್ಬಿ ಕಸಿದುಕೊಂಡು ಮುಚ್ಚಳವನ್ನು ಮೊದಲಿಗಿಂತ ಬಿಗಿಯಾಗಿ ಹಾಕಿದಳು. ಮೊಣಕಾಲುಗಳ ನಡುವೆ ಇಟ್ಟು, ಉಸಿರು ಬಿಗಿಹಿಡಿದು, ತಾನೇ ತೆರೆದಳು. ರೊಟ್ಟಿ ತಣ್ಣಗಾಗಿತ್ತು, ಅಷ್ಟು ರುಚಿಯಾದ ರೊಟ್ಟಿ ನಾನು ತಿಂದಿಲ್ಲ.

ಹಿರಿಯರೇ, ಒಂದೇ ಕೋರಿಕೆ. ನಿಮ್ಮ ಮಕ್ಕಳು ಡಬ್ಬಿಯೊಡನೆ ಗುದ್ದಾಡುವಾಗ ಹಸಿವು ತಡೆದುಕೊಳ್ಳಿ. ಅವರ ಆಟವನ್ನು ಚಿಕಿತ್ಸೆ ಎಂದು ಕರೆದು ಕಹಿ ಮಾಡಬೇಡಿ.

ಸಂಜೆ ದೋಣಿ ದಡ ಮುಟ್ಟಿತು. ನಿಂಬವ್ವ ಜಿಗಿದಿಳಿದಳು, ಕೀಲಿ ಪಡೆದಳು, ಗೆಳತಿಯರು ಕೇಕೆ ಹಾಕಿದರು. ಒಬ್ಬನೇ ಇಳಿಯುವ ಧೈರ್ಯವಿಲ್ಲದೆ ನಾನಿನ್ನೂ ದೋಣಿಯಲ್ಲೇ ಇದ್ದೆ. ನಿಜ ಹೇಳಿಬಿಡುತ್ತೇನೆ: ದೋಣಿ ಬುಗುರಿಯಾದಾಗ ನಾನು ಅಲುಗದಿದ್ದುದು ಸಂಯಮದಿಂದಲ್ಲ. ನನಗೆ ಈಜು ಬಾರದು. ಬೆಳಗಿನಿಂದ ಹಲಗೆಯನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದೆ. ಬಿಟ್ಟದ್ದು ಆ ಮುಚ್ಚಳಕ್ಕಾಗಿ, ರೊಟ್ಟಿಗಾಗಿ ಮಾತ್ರ.

ನಿಂಬವ್ವ ದಡದಲ್ಲಿ ಕೈಕಟ್ಟಿ ನಿಂತಳು.

“ಬಾಯಿಬಿಟ್ಟು ಕೇಳ್ರಿ ಮಾಮಾ. ಕೇಳದ ಕೈ ಕೊಟ್ರ ನನ್ನ ಕೀಲಿ ಕಸಗೋತಾರ.”

ಕೇಳಿದೆ. ಎಲ್ಲರ ಎದುರು, ಎರಡು ಸಲ. ಮೊದಲ ಸಲ ಕೇಳಿಸಲಿಲ್ಲವಂತೆ.

ಇಂತಿ ನಿಮ್ಮ ಮುಂದಿನವ,
ಬಸಲಿಂಗ