ನಿಮ್ಮಪ್ಪ ಕಂಡ ಕರಿಚಿರತೆ

ಬಾಡ್ಮಿನ್ ಬಯಲು, ಕಾರ್ನ್‌ವಾಲ್
9 ಏಪ್ರಿಲ್ 1984

ನನ್ನ ಮುದ್ದು ಮೊರ್ವೆನಾ,

ಕಾಗದ ಬರೆದು ಆರು ವಾರವಾಯಿತು. ಪೂರ್ತಿ ಓದಿ ಆಮೇಲೆ ಬೈದುಕೋ. ನಮ್ಮ ಕುರಿನಾಯಿ ಟೆಸ್ ಇನ್ನಿಲ್ಲ. ಕಾಯಿಲೆ ಕಸಾಲೆ ಏನೂ ಇರಲಿಲ್ಲ, ನಿಮ್ಮಪ್ಪನೇ ಗುಂಡು ಹೊಡೆದು ಕೊಂದರು.

ಹೋದ ಅಕ್ಟೋಬರಿನಲ್ಲಿ ಅವರು ಗುಡ್ಡದ ಮೇಲೆ ಕರಿಚಿರತೆ ಕಂಡೆನೆಂದಾಗ ನೀನು ಫೋನಿನಲ್ಲಿ ನಕ್ಕಿದ್ದೆ. ನಾನು ಬರೀ ನಕ್ಕು ಸುಮ್ಮನಾಗಲಿಲ್ಲ. ಚರ್ಚಿನ ಹೆಂಗಸರೆದುರು "ಮತ್ತೆ ಬಾಟಲಿ ಹಿಡಿದಿರಬೇಕು ಕಣ್ರೇ" ಅಂದುಬಿಟ್ಟೆ. ಹನ್ನೊಂದು ವರ್ಷದಿಂದ ಒಂದು ಹನಿ ಮುಟ್ಟದ ಮನುಷ್ಯ! ಆ ಮಾತು ಊರೆಲ್ಲ ಸುತ್ತಿತು. ಕುರಿಸಂತೆಗೆ ಹೋದರೆ "ಏನ್ ಹೆಡ್ಲಿ, ನಿನ್ ಚಿರತೆಗೆ ಹಾಲು ಹಾಕ್ ಬಂದ್ಯಾ?" ಎಂದು ರೇಗಿಸುತ್ತಿದ್ದರು. ಆದರೂ ನಿಮ್ಮಪ್ಪ ಒಂದು ದಿನವೂ ನನ್ನನ್ನು ಯಾಕೆ ಹಾಗಂದೆ ಎಂದು ಕೇಳಲಿಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಪಕ್ಕದ ಹೊಲದ ಕ್ಲೆಮೊನ ಮೂರು ಕುರಿಮರಿಗಳು ಗಂಟಲು ಸೀಳಿ ಸತ್ತವು. ಸಂಜೆ ಅವನು ನಮ್ಮ ಅಂಗಳಕ್ಕೆ ಬಂದು ಟೆಸ್‌ಳ ಬಾಯಿ ಬಿಡಿಸಿ ನೋಡಿದ. ಹಲ್ಲಿನ ಸಂದಿಯಲ್ಲಿ ಉಣ್ಣೆ! ಅಂದು ಬೆಳಿಗ್ಗೆ ನಮ್ಮದೊಂದು ಮರಿ ಸತ್ತಿತ್ತು. ಅದರ ಚರ್ಮ ಸುಲಿದು ನಿಮ್ಮಪ್ಪ ತಬ್ಬಲಿ ಮರಿಯೊಂದಕ್ಕೆ ಹೊದಿಸಿದ್ದರು, ತಾಯಿಕುರಿ ತನ್ನದೆಂದು ಹಾಲೂಡಲಿ ಎಂದು. ಉಳಿದ ಚೂರನ್ನು ಟೆಸ್ ಕಚ್ಚಿ ಆಡಿದ್ದಳು. ಅದನ್ನೇ ಹೇಳಿದರು.

"ಮೊದ್ಲು ಚಿರತೆ ಕಥೆ, ಈಗ ಚರ್ಮದ ಕಥೆ! ಕುಡುಕನ ಮಾತು ಯಾರ್ ನಂಬ್ತಾರೆ? ಥಿರ್ಜಾ ಹೇಳ್ಲಿ, ಅವಳ ಮಾತಾದ್ರೆ ಒಪ್ಕೋತೀನಿ" ಎಂದ ಕ್ಲೆಮೊ. ನಿಮ್ಮಪ್ಪ ನನ್ನತ್ತ ತಿರುಗಿ "ಹೇಳೇ" ಎಂದರು, ಅಷ್ಟೇ. ನಾನು "ನನಗೇನೂ ಗೊತ್ತಿಲ್ಲ" ಎಂದೆ.

ನಮ್ಮ ಕಡೆಯ ರೀತಿ ನಿನಗೆ ಗೊತ್ತಲ್ಲ. ಕುರಿ ಕೊಂದ ನಾಯಿಯನ್ನು ಸಾಕಿದವನೇ ಕೊಲ್ಲಬೇಕು, ಬೇರೆಯವರು ಕೈ ಹಾಕುವಂತಿಲ್ಲ. ಅವರು ಸಿಳ್ಳೆ ಹಾಕಿದರು. ಕೆಲಸಕ್ಕೆ ಕರೆದರೆಂದುಕೊಂಡು ಟೆಸ್ ಅವರ ಬಳಿಗೆ ಓಡಿದಳು.

ಮುಂದಿನ ವಾರ ಕ್ಲೆಮೊನ ಇನ್ನೆರಡು ಮರಿ ಹೋದವು. ಆಗ ಅವನು ಟೋಪಿ ಕೈಯಲ್ಲಿ ಹಿಡಿದು ಬಂದ, ಕಂಕುಳಲ್ಲೊಂದು ನಾಯಿಮರಿ. "ತಪ್ಪಾಯ್ತು ಹೆಡ್ಲಿ, ಇದನ್ನಾದ್ರೂ ಇಟ್ಕೋ" ಎಂದು ಅಂಗಲಾಚಿದ. ನಿಮ್ಮಪ್ಪ ಬಾಗಿಲು ಹಾಕಿಕೊಂಡರು.

ಈಗ ಕೊಟ್ಟಿಗೆಯಲ್ಲೇ ಮಲಗುತ್ತಾರೆ. ತಟ್ಟೆ ಇಟ್ಟರೆ ಉಣ್ಣುತ್ತಾರೆ, ಮಾತಿಲ್ಲ. ಕುರಿಗಳನ್ನು ಮಾರಿ ನಿನ್ನ ಸೋದರತ್ತೆಯ ಊರಿಗೆ ಹೋಗುತ್ತಾರಂತೆ, ಒಬ್ಬರೇ. ಅದನ್ನೂ ಸಂತೆಯಲ್ಲಿ ಕೇಳಿಬಂದ ಕ್ಲೆಮೊನ ಬಾಯಿಂದ ತಿಳಿದೆ. ಮೂವತ್ತೊಂದು ವರ್ಷದ ಸಂಸಾರ ಮಗಳೇ, ನನಗೆ ಭಯವಾಗುತ್ತಿದೆ. ಭಾನುವಾರದೊಳಗೆ ಬಾ. ನಿನ್ನ ಮಾತಾದರೆ ಕೇಳಿಯಾರು.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಕೈ ಬರಲಿಲ್ಲ. ಆ ಮಂಗಳವಾರ ಮಧ್ಯಾಹ್ನ ಬಟ್ಟೆ ಒಣಹಾಕುವಾಗ ನಾನೂ ಅದನ್ನು ಕಂಡೆ. ಕಪ್ಪಗೆ, ಉದ್ದ ಬಾಲದ್ದು, ಕ್ಲೆಮೊನ ಹೊಲದ ಕಲ್ಲುಗೋಡೆ ಇಳಿದು ಹೋಯಿತು. ಹೇಳಿದ್ದರೆ ಗಂಡನ ಮೇಲೆ ನಾನೇ ಸುಳ್ಳು ಹಬ್ಬಿಸಿದ್ದೆನೆಂದು ಊರಿಗೆಲ್ಲ ತಿಳಿಯುತ್ತಿತ್ತು. ಟೆಸ್ ಅಷ್ಟು ಹೊತ್ತೂ ನನ್ನ ಕಾಲಿಗೆ ಒತ್ತಿಕೊಂಡು ನಡುಗುತ್ತಾ ನಿಂತಿದ್ದಳು.