ಒಂದು ಗೇಣು ಹಗ್ಗ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7

ಮತ್ತೆ ಅದೇ ಟೀ. ಬಿಸಿ ಇದೆ ಅನ್ನುವುದು ಬಿಟ್ಟರೆ ಹೊಗಳಲು ಏನೂ ಇಲ್ಲ. ಬಾತ್‌ರೂಮಿನಲ್ಲಿ ಬಕೆಟ್ ಬೋರಲು ಹಾಕಿ ಕೂತು ಬರೆಯುತ್ತಿದ್ದೇನೆ. ಕ್ಯಾಮೆರಾ ಇಲ್ಲದ ಜಾಗ ಇದೊಂದೇ. ಇಲ್ಲ ಅಂತ ಅವರು ಹೇಳಿದ್ದಾರೆ... ನಾನು ನಂಬಿಲ್ಲ. ಬರೆದಾದ ಮೇಲೆ ನೋಟ್‌ಬುಕ್ ಫ್ಲಶ್ ಟ್ಯಾಂಕಿನ ಹಿಂದೆ.

ಐದು ಜನ. ಡ್ರೈವರ್, ಮೇಷ್ಟ್ರು, ನರ್ಸ್, ದರ್ಜಿ ಅಕ್ಕ, ನಾನು. ಅರ್ಧ ಕಟ್ಟಿ ಬಿಟ್ಟ ಎರಡು ಕಟ್ಟಡ. ಹದಿನಾಲ್ಕನೇ ಮಹಡಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಕಬ್ಬಿಣದ ತೊಲೆ. ಅಗಲ ಒಂದು ಪಾದದಷ್ಟು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬೊಬ್ಬರಾಗಿ ದಾಟಬೇಕು. ನಡುವೆ ದೊಡ್ಡ ಫ್ಯಾನಿನಿಂದ ಗಾಳಿ ಬಿಡುತ್ತಾರೆ. ಸೊಂಟಕ್ಕೆ ಹಗ್ಗ ಇರುತ್ತದೆ. ಆದರೆ ನಮ್ಮ ಹಗ್ಗ ನಾವು ಕಟ್ಟಿಕೊಳ್ಳುವ ಹಾಗಿಲ್ಲ, ಮುಟ್ಟುವ ಹಾಗೂ ಇಲ್ಲ. ಎಲ್ಲರೂ ಒಂದೊಂದು ಚೀಟಿ ಎತ್ತುತ್ತೇವೆ, ಯಾರ ಚೀಟಿಗೆ ನಮ್ಮ ಹೆಸರು ಬರುತ್ತದೋ ಅವರು ನಮಗೆ ಕಟ್ಟಬೇಕು. ಕಾಲು ಜಾರಿದರೆ ಹಗ್ಗ ಹಿಡಿಯುತ್ತದೆ, ಮೇಲೆ ಎಳೆದುಕೊಳ್ಳುತ್ತಾರೆ, ಆಟ ಮುಂದುವರಿಯುತ್ತದೆ. ಗಂಟು ಬಿಚ್ಚಿದರೆ... ಅದನ್ನು ನೋಡಲೆಂದೇ ಜನ ಟಿವಿ ಹಾಕುತ್ತಾರೆ.

ಕೊನೆಗೆ ಉಳಿದವರ ಮನೆಯ ಒಬ್ಬರು ಜೈಲಿನಿಂದ ಹೊರಗೆ. ನಡುವೆ ಬಿಟ್ಟು ಹೋದರೆ ಒಳಗಿರುವವರ ಶಿಕ್ಷೆ ಎರಡರಷ್ಟು. ಇಲ್ಲಿಗೆ ಯಾರೂ ಶೋಕಿಗೆ ಬಂದಿಲ್ಲ. ಡ್ರೈವರನ ಹೆಂಡತಿ, ಮೇಷ್ಟ್ರ ಮಗ, ನರ್ಸಿನ ತಾಯಿ, ದರ್ಜಿ ಅಕ್ಕನ ಮಗಳು. ನನ್ನ ಅಣ್ಣ.

ಫಾರಂನಲ್ಲಿ ‘ಅಂಗಡಿ ಕೆಲಸ’ ಅಂತ ತುಂಬಿದ್ದೇನೆ. ಹನ್ನೊಂದು ವರ್ಷ ಹಗ್ಗಕ್ಕೆ ಜೋತುಬಿದ್ದು ಎತ್ತರದ ಕಟ್ಟಡಗಳ ಗಾಜು ಒರೆಸಿದವನು ಅಂತ ಗೊತ್ತಾದರೆ ಎಲ್ಲರ ಕಣ್ಣೂ ನನ್ನ ಕೈ ಮೇಲೆ. ಬೇಕೆಂದೇ ಒಡ್ಡೊಡ್ಡಾಗಿ ಕಟ್ಟುತ್ತೇನೆ. ನೋಡಲು ಕೆಟ್ಟದು, ಒಳಗೆ ಗಟ್ಟಿ.

ಮಾರ್ಚ್ 5, ಬುಧವಾರ. ಮಧ್ಯಾಹ್ನ 12

ಡ್ರೈವರ್ ಹೋದ.

ಮಧ್ಯದವರೆಗೂ ಏನೋ ಗುನುಗುತ್ತಾ ಹೋದ. ಗಾಳಿ ಬಂತು, ಕಾಲು ತಪ್ಪಿತು. ಹಗ್ಗ ಹಿಡಿಯಿತು — ನೇತಾಡಿದ ಕೂಡ. ಉಳಿದೆ ಅಂದುಕೊಂಡು ನಮ್ಮ ಕಡೆ ನೋಡಿ ನಕ್ಕ. ಎರಡು ಸಲ ಜಗ್ಗಿದ ಹಾಗಾಯಿತು. ಆಮೇಲೆ ಹಗ್ಗ ಬರಿದೇ ಓಲಾಡುತ್ತಿತ್ತು.

ಕಟ್ಟಿದ್ದು ದರ್ಜಿ ಅಕ್ಕ. ಗೋಡೆಗೆ ಒರಗಿ ಕೂತುಬಿಟ್ಟಳು. “ಸರಿಯಾಗೇ ಕಟ್ಟಿದ್ದೆ. ಸರಿಯಾಗೇ ಕಟ್ಟಿದ್ದೆ.” ಅದೊಂದೇ ಮಾತು.

ಸಂಜೆ 5

ಮೇಷ್ಟ್ರು ಪಕ್ಕ ಬಂದು ಕೂತರು. ಮೂವತ್ತು ವರ್ಷ ಲೆಕ್ಕ ಕಲಿಸಿದವರು, ಈಗಲೂ ಬೆರಳು ಮಡಚಿಯೇ ಮಾತಾಡುತ್ತಾರೆ. “ಹೊಲಿಯೋ ಕೈ ಕಣಪ್ಪ ಅದು. ಅಂಥ ಕೈ ಹಾಕಿದ ಗಂಟು ತಾನಾಗಿ ಬಿಚ್ಚತ್ತಾ? ಬಿಚ್ಚಲಿ ಅಂತ ಕಟ್ಟಿದ್ರೆ ಮಾತ್ರ ಬಿಚ್ಚತ್ತೆ.”

ಹೂಂ ಅಂದೆ. ನನಗೂ ಹಾಗೇ ಅನ್ನಿಸಿತ್ತು. ಊಟಕ್ಕೆ ಅವಳೊಬ್ಬಳೇ ಬೇರೆ ಕೂತಳು. ಬ್ರೆಡ್ಡು ಮುಟ್ಟಲಿಲ್ಲ. ನಾಟಕ ಅಂದುಕೊಂಡೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ 1

ನಾಟಕ ಅಲ್ಲ.

ಇವತ್ತು ಅವಳು ನರ್ಸಿಗೆ ಕಟ್ಟಿದಳು. ಕಣ್ಣು ಕೀಳದೆ ನೋಡಿದೆ. ಗಂಟು ಚೊಕ್ಕ. ನನ್ನದಕ್ಕಿಂತ ಚೊಕ್ಕ. ಬಿಗಿದು, ಎಳೆದು ನೋಡಿದಳು. ಆಮೇಲೆ ಹೊಲಿಗೆ ಡಬ್ಬಿ ತೆಗೆದಳು. ಒಳಗೆ ಬರುವಾಗ ಒಬ್ಬೊಬ್ಬರು ಒಂದೊಂದು ಸಾಮಾನು ತರಬಹುದಿತ್ತು. ನಾನು ಈ ನೋಟ್‌ಬುಕ್ಕು ತಂದೆ, ಅವಳು ಆ ಡಬ್ಬಿ ತಂದಳು. ದೊಡ್ಡ ಕತ್ತರಿ ಎತ್ತಿದಳು. ಗಂಟಿನಾಚೆ ಉಳಿದ ಹಗ್ಗದ ತುದಿಯನ್ನು ಎರಡು ಬೆರಳಷ್ಟು ಬಿಟ್ಟು ಕಚಕ್ ಅಂತ ಕತ್ತರಿಸಿ ಹಾಕಿದಳು.

“ನೀಟಾಗಿರ್ಬೇಕಲ್ವಾ,” ಅಂದಳು ನರ್ಸಿಗೆ.

ಆ ತುದಿಗೆ ನಮ್ಮ ಕೆಲಸದಲ್ಲಿ ಬಾಲ ಅನ್ನುತ್ತಾರೆ. ಒಂದು ಗೇಣು ಬಿಡಲೇಬೇಕು. ಭಾರ ಬಿದ್ದು ಜಗ್ಗಿದಾಗ ಬಾಲ ಸ್ವಲ್ಪ ಸ್ವಲ್ಪವೇ ಒಳಗೆ ಜಾರುತ್ತದೆ. ಗೇಣಿದ್ದರೆ ಅಲ್ಲೇ ನಿಲ್ಲುತ್ತದೆ. ಎರಡು ಬೆರಳಿದ್ದರೆ ಪೂರ್ತಿ ಒಳಗೆ ಹೋಗಿ ಗಂಟೇ ಇಲ್ಲವಾಗುತ್ತದೆ. ಅವಳು ಜೀವಮಾನವೆಲ್ಲ ದಾರದ ತುದಿ ಕತ್ತರಿಸಿದವಳು. ಕೈ ತಾನಾಗಿ ಹೋಗುತ್ತದೆ. ಡ್ರೈವರನನ್ನು ಕೊಂದದ್ದು ಅವಳ ಅಭ್ಯಾಸ.

ನರ್ಸ್ ಜಾರದೆ ದಾಟಿದಳು. ಅದೃಷ್ಟ.

ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಹೇಳಿದರೆ ‘ನಿನಗೆ ಹೇಗೆ ಗೊತ್ತು’ ಅನ್ನುತ್ತಾರೆ — ಇದು ನನಗೆ ನಾನೇ ಕೊಟ್ಟುಕೊಂಡ ಕಾರಣ. ನಿಜ ಕಾರಣ ಬೇರೆ. ಅವಳ ಕತ್ತರಿ ಆಡಿದಷ್ಟೂ ಅಣ್ಣ ಮನೆಗೆ ಹತ್ತಿರ. ನಾನು ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು.

ಬರೆದ ಮೇಲೆ ಓದಿದೆ. ಅಸಹ್ಯವಾಯಿತು. ಹೊಡೆದು ಹಾಕಲಿಲ್ಲ.

ಮಾರ್ಚ್ 8, ಶನಿವಾರ. ಸಂಜೆ 4

ನರ್ಸ್ ಜಾರಿದಳು. ಇವತ್ತು ನಾನು ಕಟ್ಟಿದ್ದೆ. ಹಿಡಿಯಿತು. ಮೇಲೆ ಬಂದವಳೇ ನನ್ನ ಎರಡೂ ಕೈ ಹಿಡಿದುಕೊಂಡಳು. “ಅಣ್ಣಾ, ನೀವು ಕಟ್ಟಿದ್ದಕ್ಕೆ ಬದುಕಿದೆ.” ಅಣ್ಣಾ ಅಂದದ್ದು ಎದೆಗೆ ಚುಚ್ಚಿತು.

ಮೇಷ್ಟ್ರು ದೂರದಿಂದ ನೋಡುತ್ತಿದ್ದರು. “ಅಂಗಡಿಯವನ ಗಂಟು ಚೆನ್ನಾಗೇ ಹಿಡೀತಲ್ಲ! ಎಲ್ಲಿ, ಅಂಗೈ ತೋರ್ಸು.”

“ಯಾಕೆ ಸಾರ್, ಭವಿಷ್ಯ ಹೇಳ್ತೀರಾ?”

“ಭೂತ ಹೇಳ್ತೀನಿ.”

ನಕ್ಕು ಕೈ ಜೇಬಿಗೆ ಹಾಕಿಕೊಂಡೆ. ಹಗ್ಗ ತಿಂದ ಅಂಗೈ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮುದುಕ ಯಾರಿಗಾದರೂ ಊದಿದರೆ? ಊಟದ ಹೊತ್ತಿಗೆ ನರ್ಸಿನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ನಾನು ಹೋದ ತಕ್ಷಣ ಮಾತು ಸಕ್ಕರೆ ಕಡೆ ತಿರುಗಿತು.

ತೇವಕ್ಕೆ ನೋಟ್‌ಬುಕ್ಕಿನ ಹೊಲಿಗೆ ಬಿಚ್ಚುತ್ತಿದೆ. ಹಾಳೆ ಉದುರಿದರೆ ಕಷ್ಟ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ 12

ಅಕ್ಕನ ಚೀಟಿಗೆ ಮೇಷ್ಟ್ರು ಬಂದರು. ಕಟ್ಟಿದಳು. ಕಚಕ್.

ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. ಮೆತ್ತಗೆ — “ನೀನು ಅಂಗಡಿಯವನಲ್ಲ ಅಂತ ಗೊತ್ತಪ್ಪ. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಅವಳ ಮೇಲೆ ನನಗೆ ನಂಬಿಕೆ ಇಲ್ಲ, ನಿನ್ನ ಮೇಲಿದೆ. ಒಂದ್ಸಲ ಕಣ್ಣಾಡ್ಸು. ಸರಿ ಇದ್ಯಾ?”

ನೋಡಿದೆ. ಎರಡು ಬೆರಳು. ಅಷ್ಟೂ ಇರಲಿಲ್ಲ.

“ಸರಿ ಇದೆ ಸಾರ್.”

ಬೆನ್ನು ತಟ್ಟಿ ಹೋದರು.

ಮಾರ್ಚ್ 13, ಗುರುವಾರ. ಬೆಳಿಗ್ಗೆ 11

ಮೇಷ್ಟ್ರು ಬಿದ್ದ ಮೇಲೆ ಮೂರು ದಿನ ಬರೆಯಲು ಆಗಲಿಲ್ಲ. ಪೆನ್ನು ತೆಗೆದರೆ ಬೆನ್ನ ಮೇಲೆ ಆ ಕೈ.

ಅಣ್ಣನ ವಿಷಯ ಬರೆದುಬಿಡುತ್ತೇನೆ. ಮೂರು ವರ್ಷದ ಹಿಂದೆ ಇಬ್ಬರೂ ಒಂದೇ ಕಟ್ಟಡದಲ್ಲಿ ಗಾಜು ಒರೆಸುತ್ತಿದ್ದೆವು. ಜೊತೆಗಾರನೊಬ್ಬನಿಗೆ ನಾನು ಹಗ್ಗ ಕಟ್ಟಿದೆ. ತುದಿ ಸವೆದು ಎಳೆ ಎದ್ದಿತ್ತು, ಕತ್ತರಿಸಿ ಹಾಕಿದೆ. ಬಾಲ ಗಿಡ್ಡವಾಯಿತು. ಬಿಚ್ಚಿ ಮತ್ತೆ ಕಟ್ಟಲು ಸೋಮಾರಿತನ. ಇಷ್ಟಕ್ಕೆ ಏನಾಗುತ್ತದೆ ಅಂದುಕೊಂಡೆ. ಅವನು ಬಿದ್ದ. ಪೊಲೀಸರು ಬಂದಾಗ ಅಣ್ಣ ನನಗಿಂತ ಮೊದಲೇ ಬಾಯಿ ಬಿಟ್ಟ. “ನಾನೇ ಕಟ್ಟಿದ್ದು.” ನನ್ನ ಮಗಳು ಹುಟ್ಟಿ ಒಂಬತ್ತು ದಿನವಾಗಿತ್ತು. “ನನಗ್ಯಾರಿದ್ದಾರೆ, ನೀನು ಮನೆಗೆ ಹೋಗು,” ಅಂದ. ಹೋದೆ. ಹನ್ನೆರಡು ವರ್ಷ ಅವನಿಗೆ. ಗಿಡ್ಡ ಬಾಲ ಏನು ಮಾಡುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇವತ್ತು ನರ್ಸ್ ಬಿಟ್ಟು ಹೋದಳು. ಈ ನಾಲ್ಕು ದಿನವೂ ಅಕ್ಕನ ಚೀಟಿಗೆ ಅವಳೇ ಬಂದದ್ದು. ಒಂದು ದಿನವೂ ನಾನು ಬರಲಿಲ್ಲ. ಚೀಟಿ ಸಾಚಾ ಅಲ್ಲ. ಮೈಕಿನಲ್ಲಿ ‘ಪ್ರಿಯ ಸ್ಪರ್ಧಿಗಳೇ’ ಅಂತ ಮದುವೆಗೆ ಕರೆದ ಹಾಗೆ ಕರೆಯುವವನಿಗೆ ಕತ್ತರಿಯ ವಿಷಯ ಎಂದೋ ಗೊತ್ತು. ನನ್ನನ್ನೂ ಅಕ್ಕನನ್ನೂ ಕೊನೆಗೆ ಉಳಿಸಿಕೊಂಡಿದ್ದಾನೆ.

“ಇನ್ನೊಂದ್ಸಲ ಇವಳ ಕೈಗೆ ಸೊಂಟ ಕೊಡಲ್ಲ,” ಅಂತ ನರ್ಸ್ ಅಳುತ್ತಾ ಲಿಫ್ಟ್ ಹತ್ತಿದಳು. ತಾಯಿಯ ನಾಲ್ಕು ವರ್ಷ ಈಗ ಎಂಟು. ನನ್ನ ಒಂದೇ ಒಂದು ಮಾತು ಸಾಕಿತ್ತು.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ 3

ಇವತ್ತು ಬಿಡುವು. ನಾಳೆಯ ಫೈನಲ್‌ಗೆ ಜಾಹೀರಾತು ಹಾಕುತ್ತಿದ್ದಾರಂತೆ. ಇಬ್ಬರೇ. ಚೀಟಿ ಬೇಕಿಲ್ಲ. ಮೊದಲು ಅಕ್ಕ ನನಗೆ ಕಟ್ಟುತ್ತಾಳೆ, ಆಮೇಲೆ ನಾನು ಅವಳಿಗೆ. ಒಬ್ಬರ ಗಂಟು ಬಿಚ್ಚುವವರೆಗೆ ದಿನಾ ದಾಟುತ್ತಲೇ ಇರಬೇಕು.

ಅಕ್ಕ ಮಧ್ಯಾಹ್ನ ತಾನಾಗಿ ಮಾತಾಡಿದಳು. ಮಗಳ ವಯಸ್ಸು ಇಪ್ಪತ್ತೆರಡು. ಕುಡಿದು ಹೊಡೆಯುತ್ತಿದ್ದ ಗಂಡನನ್ನು ತಳ್ಳಿದಳು, ಮೆಟ್ಟಿಲಿಂದ ಬಿದ್ದ, ಸತ್ತ. “ಎಲ್ಲರೂ ನನ್ನನ್ನ ಕೊಲೆಗಾರ್ತಿ ಅಂತ ನೋಡಿದ್ರು. ನೀನೊಬ್ಬ ಹಾಗೆ ನೋಡಲ್ಲ. ಯಾಕೆ?”

ಬಾತ್‌ರೂಮಿಗೆ ಎದ್ದು ಬಂದೆ.

ಯೋಚಿಸಿದ್ದೇನೆ. ನಾಳೆ ಅವಳು ಕತ್ತರಿ ಎತ್ತಿದಾಗ ‘ಅಕ್ಕಾ, ನನಗೆ ಉದ್ದ ಇದ್ದರೇ ಧೈರ್ಯ, ಬಿಟ್ಟುಬಿಡಿ’ ಅನ್ನುತ್ತೇನೆ. ಬಿಡುತ್ತಾಳೆ, ಒಳ್ಳೆಯವಳು. ಅವಳದನ್ನು ನಾನು ಗಿಡ್ಡ ಮಾಡುತ್ತೇನೆ. ಅವಳಿಗೆ ಅದು ನೀಟಾಗಿಯೇ ಕಾಣುತ್ತದೆ. ಥ್ಯಾಂಕ್ಸ್ ಕೂಡ ಹೇಳುತ್ತಾಳೆ.

ಅಣ್ಣಾ, ಇದಕ್ಕೇನಾ ನೀನು ಒಳಗೆ ಹೋಗಿದ್ದು?

ಮಾರ್ಚ್ 15, ಶನಿವಾರ. ಬೆಳಿಗ್ಗೆ 8

ಟ್ಯಾಂಕಿನ ಹಿಂದೆ ಕೈ ಹಾಕಿದೆ. ನೋಟ್‌ಬುಕ್ ಇದೆ. ಆದರೆ...

ಯಾರೋ ಹೊಲಿದಿದ್ದಾರೆ. ಬಿಚ್ಚಿದ ಬೆನ್ನನ್ನು ಕಪ್ಪು ದಾರದಲ್ಲಿ ಮೇಲಿಂದ ಕೆಳಗೆ ಒಂದೇ ಸಮ ಹೊಲಿದಿದ್ದಾರೆ. ಕೊನೆಯಲ್ಲಿ ಗಂಟು. ಗಂಟಿನಾಚೆ ದಾರ ಕತ್ತರಿಸಿಲ್ಲ. ನೇತಾಡುತ್ತಿದೆ. ಬೆರಳು ಅಗಲಿಸಿ ಅಳೆದೆ.

ಒಂದು ಗೇಣು.

ಬಕೆಟ್ ಮೇಲೆ ಕೂತೇ ಇದ್ದೇನೆ. ಎಲ್ಲವನ್ನೂ ಓದಿದ್ದಾಳೆ. ಡ್ರೈವರ್, ಮೇಷ್ಟ್ರು, ಅಣ್ಣ, ನಿನ್ನೆಯ ಯೋಚನೆ. ಮೈಕಿನವನಿಗೆ ತೋರಿಸಬಹುದಿತ್ತು, ಹರಿದು ಹಾಕಬಹುದಿತ್ತು. ಹೊಲಿದಿದ್ದಾಳೆ. ಬೆದರಿಕೆಯಾ? ನನ್ನನ್ನು ಮೆತ್ತಗೆ ಮಾಡಿ ಹೊಡೆಯುವ ಉಪಾಯವಾ? ಯಾರೂ ಇಷ್ಟು ಒಳ್ಳೆಯವರಿರುವುದಿಲ್ಲ.

9.40. ಹದಿನಾಲ್ಕನೇ ಮಹಡಿ

ನೋಟ್‌ಬುಕ್ ಜೊತೆಗೇ ತಂದಿದ್ದೇನೆ. ಇನ್ನು ಬಚ್ಚಿಡುವುದು ಯಾರಿಂದ?

ಅವಳು ಕಟ್ಟಿಯಾಯಿತು. ಮೊದಲು ಟೇಪು ಹಿಡಿದು ಅಳೆದು ಆಮೇಲೆ ಗಂಟು ಹಾಕಿದಳು. ಬಾಲ ಒಂದು ಗೇಣು, ಮೇಲೆ ನಾಲ್ಕು ಬೆರಳು. ಬಗ್ಗಿ ಮೂರು ಸಲ ನೋಡಿದೆ. ಒಳಗೆ ಏನಾದರೂ ಮೋಸವಿದೆಯಾ ಅಂತ. ಇಲ್ಲ. ಸಿಗಲಿಲ್ಲ.

“ಓದಿದ್ರಾ?” ಅಂದೆ.

“ಟ್ಯಾಂಕಿನ ಹಿಂದೆ ಕಣ್ಣಿಗೆ ಬಿತ್ತು. ಹೊಲಿಗೆ ಬಿಚ್ಚಿತ್ತು, ಹಾಕೋಣ ಅಂತ ತಗೊಂಡೆ. ಕಣ್ಣು ಮುಚ್ಕೊಂಡು ಹೊಲಿಯಕ್ಕಾಗತ್ತಾ?” ಅಂದಳು. ಕಣ್ಣು ಕೆಂಪಾಗಿತ್ತು. “ಇಬ್ಬರು, ನನ್ನ ಕೈಯಲ್ಲಿ. ನೀನು ನೋಡ್ತಾ ನಿಂತಿದ್ದೆ.”

“ಅಕ್ಕಾ...”

“ಅಕ್ಕ ಅನ್ಬೇಡ. ಉದ್ದ ಬಿಟ್ಟಿದ್ದು ನಿನಗೋಸ್ಕರ ಅಲ್ಲ. ಇನ್ನೊಂದು ಜೀವ ನನ್ನ ಕೈಗೆ ಅಂಟೋದು ಬೇಡ. ಇಬ್ಬರ ಗಂಟೂ ಹಿಡಿದ್ರೆ ಎಷ್ಟು ದಿನ ಆಡಿಸ್ತಾರೋ ಆಡಿಸ್ಲಿ.” ಸೊಂಟದಿಂದ ಕತ್ತರಿ ತೆಗೆದು ನನ್ನ ಕೈಯಲ್ಲಿಟ್ಟಳು. “ಇದು ನನ್ನ ಹತ್ರ ಇದ್ರೆ ಕೈ ಸುಮ್ನಿರಲ್ಲ. ನೀನೇ ಇಟ್ಕೋ.”

ಬೆನ್ನು ತಿರುಗಿಸಿ, ಅಳತೆ ಕೊಡುವವರ ಹಾಗೆ ಎರಡೂ ಕೈ ಎತ್ತಿ ನಿಂತಳು. ಹಿಂದೆ ತಿರುಗಿ ನೋಡಲಿಲ್ಲ.

9.51

ಕಟ್ಟಿದೆ. ಒಡ್ಡೊಡ್ಡಾಗಿ ಅಲ್ಲ. ಅಣ್ಣ ಕಲಿಸಿದ ಹಾಗೆ. ಬಾಲ ಒಂದು ಗೇಣು ಇದೆ.

ಇನ್ನೂ ಒಂಬತ್ತು ನಿಮಿಷ. ಅವಳು ಇನ್ನೂ ಆ ಕಡೆಯೇ ತಿರುಗಿದ್ದಾಳೆ. ಅವಳ ಹಿಂದೆಯೇ ಕೂತು ಬರೆಯುತ್ತಿದ್ದೇನೆ, ಬಾಲ ನನ್ನ ಕಣ್ಣೆದುರೇ ತೂಗುತ್ತಿದೆ. ಕತ್ತರಿ ತೊಡೆಯ ಮೇಲಿದೆ. ಮೈಕಿನವನು ಕೆಮ್ಮಿದ. ಕಾಯುತ್ತಿದ್ದಾನೆ, ಅವನಿಗೆ ನನ್ನ ಬಗ್ಗೆ ಪೂರ್ತಿ ನಂಬಿಕೆ.

ಇಷ್ಟು ದಿನ ಎಲ್ಲರ ಕೈಯನ್ನೂ ಅನುಮಾನದಿಂದ ನೋಡಿದೆ. ಈಗ ಉಳಿದಿರುವುದು ಒಂದೇ ಕೈ. ಒಂಬತ್ತು ನಿಮಿಷದಲ್ಲಿ ಅದು ಏನು ಮಾಡಬಲ್ಲದು ಅಂತ ನನಗೆ ಗೊತ್ತು. ಅದಕ್ಕೇ ಅದಕ್ಕೆ ಪೆನ್ನು ಕೊಟ್ಟಿದ್ದೇನೆ. ಪೆನ್ನು ಹಿಡಿದಿರುವವರೆಗೆ ಅದು ಕತ್ತರಿ ಹಿಡಿಯುವುದಿಲ್ಲ.

9.56

ಅಣ್ಣನ ಮುಖ ಬರುತ್ತಿದೆ. ಹನ್ನೆರಡು ವರ್ಷದಲ್ಲಿ ಇನ್ನೂ ಒಂಬತ್ತು. ಒಂದು ಸಲ ಕಚಕ್ ಅಂದರೆ ಸಂಜೆಗೆ ಮನೆಯಲ್ಲಿರುತ್ತಾನೆ. ಮಗಳು ದೊಡ್ಡಪ್ಪ ಅನ್ನುತ್ತಾಳೆ. ಅವನನ್ನು ಹಾಗೆ ಯಾರೂ ಇದುವರೆಗೆ ಕರೆದಿಲ್ಲ.

ಬರೆಯಬೇಕು. ಏನಾದರೂ. ಟೀ ಕೆಟ್ಟದಾಗಿತ್ತು. ಗಾಳಿ ಇಲ್ಲ. ಅಕ್ಕನ ರವಿಕೆಯ ಬೆನ್ನ ಹೊಲಿಗೆ ನೇರವಾಗಿದೆ, ಅವಳೇ ಹೊಲಿದುಕೊಂಡಿರಬೇಕು. ಮೇಷ್ಟ್ರೇ, ಸರಿ ಇರಲಿಲ್ಲ. ಸರಿ ಇರಲಿಲ್ಲ ಸಾರ್.

9.58

ಇನ್ನೆರಡೇ. ಅಕ್ಷರ ಕೆಡುತ್ತಿದೆ, ಪರವಾಗಿಲ್ಲ. ನಿಲ್ಲಿಸಬಾರದು. ಬರೆಯುತ್ತಾ ಇರಬೇಕು, ಹತ್ತು ಹೊಡೆಯುವವರೆಗೆ ಬರೆಯುತ್ತಾ